ನಗಾರಿಯ ಮನೆಗೆ ಗಪ್ಪಿ ಬಂದದ್ದು

ಬಂದರಿನ ಸಗಟು ಮೀನು ಮಾರುಕಟ್ಟೆಯಲ್ಲಿ ಅವನನ್ನು ಹೆತ್ತವರಿಟ್ಟ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ನಗಾರಿ. ಹರಾಜು ಕೂಗುವುದು ಅವನ ಕೆಲಸ. ದೋಣಿಗಳು ಬಂದು ನಿಂತು, ಮೀನಿನ ಪೆಟ್ಟಿಗೆಗಳನ್ನು ಒದ್ದೆ ನೆಲದ ಮೇಲೆ ಸಾಲಾಗಿ ಎಳೆದಿಟ್ಟು, ಮೇಲೆ ಮಂಜುಗಡ್ಡೆಯ ಪುಡಿ ಸುರಿದ ಮೇಲೆ ಅವನು ರಬ್ಬರ್ ಬೂಟು ತೊಟ್ಟು ಮೊದಲ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದ. ಒಮ್ಮೆ ಗಂಟಲು ಸರಿಮಾಡಿಕೊಂಡನೆಂದರೆ ತಗಡಿನ ಮಾಡಿನ ಮೇಲೆ ಕೂತ ಕಾಗೆಗಳೆಲ್ಲ ಹಾರಿಹೋಗುತ್ತಿದ್ದವು.

"ಬನ್ನಿ, ನೋಡಿ! ಎಂಥಾ ತಾಜಾ ಮಾಲು! ಇನ್ನೂ ಕಣ್ಣೇ ಮುಚ್ಚಿಲ್ಲ!"

ಮೀನಿಗೆ ರೆಪ್ಪೆಯೇ ಇಲ್ಲ, ಅದು ಎಂದೂ ಕಣ್ಣು ಮುಚ್ಚುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ದಿನಾ ಬೆಳಗ್ಗೆ ಆ ಮಾತಿಗೆ ಯಾರಾದರೊಬ್ಬರು ನಗುತ್ತಿದ್ದರು. ಕೊಳ್ಳುವವರು ಒಬ್ಬ ಬೆರಳೆತ್ತಿ, ಒಬ್ಬ ಹುಬ್ಬೆತ್ತಿ, ಇನ್ನೊಬ್ಬ ಕಿವಿ ಎಳೆದುಕೊಂಡು ಬೆಲೆ ಏರಿಸುತ್ತಿದ್ದರು. ಅವರ ಸನ್ನೆಗಳನ್ನೆಲ್ಲ ಕಣ್ಣಲ್ಲೇ ಹೆಕ್ಕಿಕೊಂಡು ಬಾಯಲ್ಲಿ ಮೊಳಗಿಸುತ್ತ ಅವನು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಮಾಡಿದ್ದು ಅದನ್ನೇ.

ಮನೆಯಲ್ಲಿ ಬಳಸಲು ಅವನಿಗೆ ಬೇರೊಂದು ಗಂಟಲು ಇರಲಿಲ್ಲ. ಉಪ್ಪು ಕೊಡು ಎಂದರೂ ಹರಾಜೇ. ಅವನ ಕಿವಿಗೆ ಬಿದ್ದ ಗುಟ್ಟು ಅವನ ಬಾಯಿಗೆ ಬರುವಷ್ಟರಲ್ಲಿ ಬೀದಿಗೆಲ್ಲ ರಟ್ಟಾಗಿರುತ್ತಿತ್ತು. ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದು ಅಂಗಡಿಯ ಸುದ್ದಿ ಹೇಳುವ ಮುಂಚೆ ಕಿಟಕಿಗಳನ್ನು ಹಾಕಿಬರುವುದು ಅವಳಿಗೆ ಅಭ್ಯಾಸವಾಗಿತ್ತು, ಏಕೆಂದರೆ ಅವಳು ಎಷ್ಟು ಮೆಲ್ಲಗೆ ಹೇಳಿದರೂ ಇವನು, "ಹೌದಾ! ಆ ಡಾಕ್ಟರಿಗಾ!" ಎಂದು ಅಬ್ಬರಿಸಿಬಿಡುತ್ತಿದ್ದ.

ಅವನನ್ನು ಮೃದುಭಾಷಿ ಎಂದು ನಂಬಿದ್ದ ಜೀವ ಲೋಕದಲ್ಲಿ ಒಂದೇ ಒಂದಿತ್ತು. ಅದು ಅವನ ಅತ್ತೆ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನೆಲೆಸಿದ್ದ ಮುದುಕಿಗೆ ವರ್ಷದಿಂದ ವರ್ಷಕ್ಕೆ ಕಿವಿ ಮಂದವಾಗುತ್ತ ಬಂದಿತ್ತು. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದಾಯಿತು. ಹಾಕಿಕೊಂಡರೆ ಚಮಚ ಬಿದ್ದದ್ದು ಗೋಡೆ ಬಿದ್ದ ಹಾಗೆ ಕೇಳುತ್ತದೆ, ಆದರೆ ಮಾತು ಮಾತ್ರ ತಿಳಿಯುವುದಿಲ್ಲ ಎಂದು ಆಕೆ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿಸಿಬಿಟ್ಟಿದ್ದಳು. ಮಗಳ ಮಾತು, ಮೊಮ್ಮಗಳ ಮಾತು, ಟಿ.ವಿ. ಎಲ್ಲವೂ ಆಕೆಗೆ ಬರೀ ತುಟಿಯ ಅಲುಗಾಟ. ಅಳಿಯನ ಮಾತೊಂದೇ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನ ಗಂಡನ್ನ ನೋಡಿ ಕಲಿತುಕೋ," ಎಂದು ಆಕೆ ಮಗಳಿಗೆ ಬುದ್ಧಿ ಹೇಳುತ್ತಿದ್ದಳು. "ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ ಮಾತಾಡ್ತಾರೆ. ನೀವೆಲ್ಲ ಬಾಯೊಳಗೇ ಗೊಣಗ್ತೀರಿ."

ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಗಾರಿಗೆ ಮಾತ್ರ ಎದೆ ಉಬ್ಬುತ್ತಿತ್ತು. ಬೆಳಗಿನ ಹರಾಜಿನ ಕಥೆಯನ್ನು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಅತ್ತೆಗೆ ಪೂರ್ತಿ ಒಪ್ಪಿಸುತ್ತಿದ್ದ. ಯಾರು ಯಾರನ್ನು ಹೇಗೆ ಮೇಲಾಟ ಆಡಿಸಿದರು, ಯಾವ ದೋಣಿಗೆ ಏನು ಸಿಕ್ಕಿತು, ಎಲ್ಲ. ಆಕೆ ಕಣ್ಣರಳಿಸಿ ಕೇಳುತ್ತಿದ್ದಳು.

ಒಂದು ಬೆಳಗ್ಗೆ ಹರಾಜಿನ ನಡುವೆಯೇ ನಗಾರಿ ಒಡೆಯಿತು. ಒಳ್ಳೆಯ ದೊಡ್ಡ ಸಿಗಡಿಯ ಪೆಟ್ಟಿಗೆ, ಇಬ್ಬರು ಹಟಕ್ಕೆ ಬಿದ್ದು ಬೆಲೆ ಏರಿಸುತ್ತಿದ್ದರು, ಇವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ಇದ್ದಕ್ಕಿದ್ದಂತೆ ಬಾಯಿ ಆಡುತ್ತಿದೆ, ಸದ್ದಿಲ್ಲ. ಬಂದದ್ದು ಹಳೇ ಬಾಗಿಲಿನ ತಿರುಗಣಿಯಂತೆ ಒಂದು ಕಿರ್ರ್ ಮಾತ್ರ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಜನ ನಕ್ಕರು. ಮಂಜುಗಡ್ಡೆ ಸರಬರಾಜು ಮಾಡುವ ಐಸಣ್ಣ ಅವನ ಮುಖ ನೋಡಿ ನಗು ನಿಲ್ಲಿಸಿದ.

ಗಂಟಲಿನ ಡಾಕ್ಟರು ಕೊಳವೆ ಇಳಿಬಿಟ್ಟು ನೋಡಿದರು. ದನಿ ಹೊರಡುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗಂಟು. ಕೆಟ್ಟದ್ದೇನಲ್ಲ, ಕೂಗಿ ಕೂಗಿ ಬಂದದ್ದು, ತೆಗೆದುಹಾಕಿದರೆ ಆಯಿತು. ಆದರೆ ತೆಗೆದ ಮೇಲೆ ಕೆಲವು ವಾರ ಒಂದಕ್ಷರ ಆಡುವಂತಿಲ್ಲ.

"ಪಿಸುಮಾತೂ ಬೇಡ. ಅದು ಗಂಟಲಿಗೆ ಇನ್ನೂ ಕಷ್ಟ. ಪೂರ್ತಿ ಮೌನ," ಎಂದರು ಡಾಕ್ಟರು.

"ಆಮೇಲೆ ಮಾತು ಬರುತ್ತಲ್ವಾ?" ಎಂದು ಹೆಂಡತಿ ಕೇಳಿದಳು.

"ಮಾತು ಬರುತ್ತೆ. ಹರಾಜು ಬರಲ್ಲ."

ಹೀಗೆ ಐವತ್ತು ದಾಟಿದ ಮನುಷ್ಯ, ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದವನು, ಕತ್ತಿಗೆ ಮಫ್ಲರು ಸುತ್ತಿಕೊಂಡು ಮನೆಯಲ್ಲಿ ಕೂತ. ಹೆಂಡತಿ ಬೆಳಗ್ಗೆ ಅಂಗಡಿಗೆ ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಮಾತಾಡಲಾಗದವನೊಬ್ಬ, ಕೇಳಲಾಗದವಳೊಬ್ಬಳು. ಅಳಿಯನಿಗೆ ಗಂಟಲಿನ ಆಪರೇಷನ್ ಆಗಿದೆ ಎಂದು ಮಗಳು ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದಳು. ಆಕೆ ಹೂಂಗುಟ್ಟಿದ್ದಳು. ಆದರೂ ಊಟದ ಹೊತ್ತಿಗೆ ಅಳಿಯ ತಟ್ಟೆ ನೋಡಿಕೊಂಡು ಉಣ್ಣುವುದನ್ನು ಕಂಡು ಆಕೆಯ ಮನಸ್ಸು ಕಹಿಯಾಗುತ್ತಿತ್ತು. ಒಂದು ದಿನ ಮಗಳೊಡನೆ ಅಂದೇಬಿಟ್ಟಳು: "ನನ್ನಿಂದ ಏನೋ ತಪ್ಪಾಗಿದೆ ಕಣೇ. ಅವರು ನನ್ನ ಹತ್ರ ಮಾತು ಬಿಟ್ಟಿದ್ದಾರೆ."

ಪಕ್ಕದಲ್ಲೇ ಕೂತಿದ್ದ ನಗಾರಿ ಗಂಟಲು ತೋರಿಸಿದ, ಬಾಯಿ ತೋರಿಸಿದ, ಕೈ ಅಲ್ಲಾಡಿಸಿದ. ಅಷ್ಟೆಲ್ಲ ಅಲ್ಲಾಡಿಸಿದ್ದು ನೋಡಿ, ಕೋಪವೇ ಬಂದಿದೆ ಎಂದು ಆಕೆಗೆ ಖಾತ್ರಿಯಾಯಿತು.

ಆ ವಾರಾಂತ್ಯಕ್ಕೆ ನಗಾರಿಯ ಮಗಳು ಬಂದಳು. ಮದುವೆಯಾಗಿ ಎರಡು ಬೀದಿಯಾಚೆ ಇದ್ದವಳು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಕೈಯಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಗಾಜಿನ ಜಾಡಿ. ಒಳಗೆ ಆರು ಪುಟ್ಟ ಮೀನು. ಎರಡಕ್ಕೆ ಸೆರಗಿನಂಥ ಕಿತ್ತಳೆ ಬಾಲ, ಉಳಿದ ನಾಲ್ಕು ಬೂದಿ ಬಣ್ಣದವು, ಹೊಟ್ಟೆ ದಪ್ಪ.

"ಕ್ಲಿನಿಕ್ಕಿನ ತೊಟ್ಟಿಯಲ್ಲಿ ಹಿಡಿಸಲಾರದಷ್ಟು ಆಗಿದ್ವು, ಅಪ್ಪ. ಹಲ್ಲು ಕೀಳಿಸಿಕೊಂಡೋರಿಗೆಲ್ಲ ಹಂಚ್ತಾ ಇದ್ದಾರೆ. ಇವಕ್ಕೆ ಗಪ್ಪಿ ಅಂತ ಹೆಸರು. ನೀವೂ ಈಗ ಗಪ್‌ಚಿಪ್ಪು, ಅವೂ ಗಪ್‌ಚಿಪ್ಪು. ಜೋಡಿ ಚೆನ್ನಾಗಿರುತ್ತೆ."

"ಮೀನಿನ ವಾಸನೆ ಹೊತ್ತು ಬರೋ ಗಂಡ ಸಾಲದು ಅಂತ ಈಗ ಮೀನೇ ಬಂತು," ಎಂದಳು ಹೆಂಡತಿ.

ನಗಾರಿ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಪೆಟ್ಟಿಗೆ ನೋಡಿದೊಡನೆ ತೂಕ ಹೇಳುವ ಕಣ್ಣು ಅವನದು. ಆರೂ ಸೇರಿ ಬೆಕ್ಕಿನ ಹಲ್ಲಿನ ಸಂದಿಗೂ ಸಾಲದು. ತುಟಿ ಕೊಂಕಿಸಿ ಬದಿಗಿಟ್ಟ. ಮಗಳು ಏನೋ ಹೇಳಲು ಬಾಯಿ ತೆಗೆದರೆ, ಮೀನಿನ ವಿಷಯ ನನಗೇ ಹೇಳಿಕೊಡುತ್ತೀಯಾ ಎನ್ನುವಂತೆ ಕೈ ಬೀಸಿದ. ಅವಳು ಹೋದ ಮೇಲೆ ದೊಡ್ಡ ಗಾಜಿನ ಬೋಗುಣಿ ಹುಡುಕಿ, ನಲ್ಲಿಯ ಹೊಸ ನೀರನ್ನು ಅಂಚಿನವರೆಗೆ ತುಂಬಿ, ಮೀನುಗಳನ್ನು ಅದಕ್ಕೆ ಸುರಿದ. ಒಂದು ಬ್ರೆಡ್ಡಿನ ಚೂರನ್ನು ಪುಡಿಮಾಡಿ ಹಾಕಿದ. ತಿಂದವು. ಇನ್ನೊಂದು ಹಾಕಿದ. ಉಪವಾಸ ಕೆಡವಿದ ಎಂಬ ಮಾತು ಬರಬಾರದಲ್ಲ.

ಮರುದಿನ ಬೆಳಗ್ಗೆ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಕಿತ್ತಳೆ ಬಾಲದ ಎರಡೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ನಾಲ್ಕು ನೀರಿನ ಮೇಲ್ಗಡೆಯೇ ಬಾಯಿ ಬಾಯಿ ಬಿಡುತ್ತಿದ್ದವು.

ನಗಾರಿ ಸತ್ತ ಮೀನನ್ನು ಹೊಸದಾಗಿ ನೋಡುತ್ತಿರಲಿಲ್ಲ. ದಿನಾ ರಾಶಿ ರಾಶಿ ನೋಡಿದವನು, ಅದರ ಮೇಲೆಯೇ ಮನೆ ಕಟ್ಟಿದವನು. ಆದರೆ ಉಗುರಿನಷ್ಟೂ ಇಲ್ಲದ ಆ ಎರಡನ್ನು ಅಂಗೈ ಮೇಲೆ ಇಟ್ಟುಕೊಂಡಾಗ ಅವನಿಗೆ ಏನೋ ಆಯಿತು. ಮಾರುಕಟ್ಟೆಗೆ ಬಂದವು ಸತ್ತೇ ಬಂದಿದ್ದವು. ಇವು ಬದುಕಿಯೇ ಬಂದಿದ್ದವು, ತನ್ನ ಕೈಯಲ್ಲಿ ಸತ್ತವು. ಅವನು ಮಫ್ಲರು ಬಿಗಿದುಕೊಂಡು, ಉಳಿದವನ್ನು ಜಾಡಿಗೆ ಹಾಕಿಕೊಂಡು, ಮಗಳ ಮನೆಗೆ ನಡೆದ. ಬಾಗಿಲು ತೆಗೆದ ಅವಳಿಗೆ ಜಾಡಿ ಎತ್ತಿ ತೋರಿಸಿದ. ಬೈಯಬೇಕೆಂದುಕೊಂಡವಳು ಅಪ್ಪನ ಮುಖ ನೋಡಿ ಬೈಯಲಿಲ್ಲ. "ಬನ್ನಿ," ಎಂದು ಚಪ್ಪಲಿ ಮೆಟ್ಟಿದಳು.

ಬಣ್ಣದ ಮೀನಿನ ಅಂಗಡಿ ನಡೆಸುತ್ತಿದ್ದವಳು ಒಬ್ಬ ದಪ್ಪ ಕನ್ನಡಕದ ಹೆಂಗಸು. ಜಾಡಿಯನ್ನು ಒಮ್ಮೆ ನೋಡಿ, ನಗಾರಿಯನ್ನು ಒಮ್ಮೆ ನೋಡಿ, ನಿಧಾನವಾಗಿ ಶುರು ಮಾಡಿದಳು. ನಲ್ಲಿ ನೀರಿಗೆ ಔಷಧಿ ಹಾಕಿರುತ್ತಾರೆ, ನಮಗೆ ಒಳ್ಳೆಯದು, ಇವಕ್ಕೆ ವಿಷ. ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಬಾಯಿ ತೆರೆದು ಬಿಡಬೇಕು. ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲಬಾರದು, ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಕಾಲು ಭಾಗ ಹಾಕಬೇಕು. ಹಳೇ ನೀರು ಕೊಳಕಲ್ಲ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ, ಸ್ಪಂಜಿನೊಳಗೆ ಬೇರೂರಿ ಮೀನಿನ ಹೊಲಸನ್ನು ಕರಗಿಸುತ್ತವೆ. ಅವು ನೆಲೆಗೊಳ್ಳಲು ವಾರಗಳು ಬೇಕು. ಅಲ್ಲಿಯವರೆಗೆ ಊಟ ಕಡಿಮೆ, ತಾಳ್ಮೆ ಜಾಸ್ತಿ.

"ಊಟ ಅಂದ್ರೆ ಇಷ್ಟೇ," ಎಂದು ಎರಡು ಬೆರಳ ತುದಿಗೆ ಅಂಟಿದ ಪುಡಿ ತೋರಿಸಿದಳು. "ಹಸಿವಿನಿಂದ ಸತ್ತ ಗಪ್ಪಿನ ನಾನು ನೋಡಿಲ್ಲ. ಪ್ರೀತಿಯಿಂದ ಸತ್ತಿದ್ದನ್ನ ದಿನಾ ನೋಡ್ತೀನಿ."

ನಗಾರಿಗೆ ನಾಲ್ಕು ಸಲ ಬಾಯಿ ಹಾಕಬೇಕೆನಿಸಿತು. ಹಾಕುವಂತಿರಲಿಲ್ಲ. ಹೀಗಾಗಿ ಬುದ್ಧಿ ಬಂದ ಮೇಲೆ ಮೊದಲ ಬಾರಿಗೆ ಅವನು ಇನ್ನೊಬ್ಬರ ಮಾತನ್ನು ತುದಿಯವರೆಗೆ ಕೇಳಿದ. ಕೇಳಿದ್ದೆಲ್ಲ ತಲೆಯಲ್ಲಿ ಉಳಿಯಿತೆಂಬುದು ಅವನಿಗೇ ಆಶ್ಚರ್ಯ.

ತೊಟ್ಟಿ ಬಂತು. ಬುಳುಬುಳು ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರು, ಒಂದು ಹಿಡಿ ಹಸಿರು ಪಾಚಿ, ಮೀನಿನ ಮೈಗೆ ಗೀರದ ನುಣುಪು ಕಲ್ಲು ಬಂದವು. ಇಡುವುದೆಲ್ಲಿ? ಕಿಟಕಿಯ ಪಕ್ಕ ಬೇಡ, ಬಿಸಿಲಿಗೆ ನೀರು ಹಸಿರಾಗುತ್ತದೆ ಎಂದಿದ್ದಳು ಅಂಗಡಿಯಾಕೆ. ನೀರು ತುಂಬಿದ ತೊಟ್ಟಿಯ ಭಾರ ತಡೆಯುವಂಥದ್ದು ಮನೆಯಲ್ಲಿದ್ದದ್ದು ಒಂದೇ, ನಡುಮನೆಯ ಗೋಡೆಗೆ ಒರಗಿದ್ದ ಹಳೇ ಮರದ ಪೆಟ್ಟಿಗೆ. ಅದರ ಹತ್ತಿರವೇ ಅತ್ತೆಯ ಬೆತ್ತದ ಕುರ್ಚಿ. ಮುದುಕಿಯ ಟಿ.ವಿ.ಗೆ ಅಡ್ಡವಾಗುತ್ತದಲ್ಲ ಎಂದು ಹೆಂಡತಿ ಅನುಮಾನಿಸಿದಳು. ಆದರೆ ಆಕೆ ಟಿ.ವಿ. ಕಡೆಯಿಂದ ಕುರ್ಚಿಯನ್ನು ತಾನೇ ತಿರುಗಿಸಿಕೊಂಡಳು. "ಇಲ್ಲಿ ಎಲ್ಲ ತಿಳಿಯುತ್ತೆ. ಇವು ಯಾರೂ ಗೊಣಗಲ್ಲ."

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ನೀರು ಮತ್ತೆ ಬೆಳ್ಳಗಾಗತೊಡಗಿತು. ನಗಾರಿ ತಲೆ ಮೇಲೆ ಕೈ ಹೊತ್ತು ಕೂತ. ಹೇಳಿದ್ದನ್ನೆಲ್ಲ ಅಳೆದು ಸುರಿದು ಮಾಡಿದ್ದ. ಬೆರಳ ತುದಿಗಿಂತ ಒಂದು ಚೂರು ಹೆಚ್ಚು ಹಾಕಿರಲಿಲ್ಲ. ಮಧ್ಯಾಹ್ನ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಮಂಚದ ಮೇಲೆ ಒರಗಿದ್ದಾಗ ಗುಟ್ಟು ಬಯಲಾಯಿತು. ಅತ್ತೆ ಅತ್ತಿತ್ತ ನೋಡಿ, ಸೊಂಟದ ಗಂಟಿನಿಂದ ಒಂದು ಬಿಸ್ಕತ್ತು ತೆಗೆದು, ಮುರಿದು ಪುಡಿಮಾಡಿ, ತೊಟ್ಟಿಗೆ ಸುರಿಯುತ್ತಿದ್ದಳು.

"ತಿನ್ನಿ, ತಿನ್ನಿ. ಅವರು ಚಿಟಿಕೆ ಹಾಕಿ ಕೈ ತೊಳ್ಕೋತಾರೆ. ಅದು ಯಾವ ಮೂಲೆಗೆ?"

ಹಿಂದಿನ ನಗಾರಿಯಾಗಿದ್ದರೆ ಮಾಡು ಹಾರಿಹೋಗುವಂತೆ ಕೂಗುತ್ತಿದ್ದ. ಈಗ ದಡಬಡ ಎದ್ದು ಬಂದು ಎದುರು ನಿಂತ, ಕೈಗಳನ್ನು ಎತ್ತಿದ, ಇಳಿಸಿದ. ಮುದುಕಿ ಬೆದರಿ ಬಿಸ್ಕತ್ತನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಸಿಕ್ಕಿಬಿದ್ದ ಮಗುವಿನಂಥ ಆ ಮುಖ ನೋಡಿ ಅವನ ಸಿಟ್ಟು ಅಲ್ಲೇ ಕುಸಿಯಿತು. ಮೀನಿನ ಊಟದ ಡಬ್ಬಿ ತಂದ. ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಆಕೆಯ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು, ತೋರುಬೆರಳು ಹೆಬ್ಬೆರಳು ಜೋಡಿಸಿ, ಡಬ್ಬಿಯೊಳಗೆ ಅದ್ದಿ, ನೀರಿನ ಮೇಲೆ ಉದುರಿಸಿದ. ನಾಲ್ಕೂ ಬಂದು ಚಕಚಕ ತಿಂದವು. ಒಂದು ಕಣವೂ ಕೆಳಗಿಳಿಯಲಿಲ್ಲ. ಆಮೇಲೆ ತಳದಲ್ಲಿ ಕೊಳೆತು ಬಿದ್ದಿದ್ದ ಬಿಸ್ಕತ್ತಿನ ಹಿಟ್ಟನ್ನು ತೋರಿಸಿದ, ಬೋಗುಣಿಯಲ್ಲಿ ತೇಲಿದ್ದ ಎರಡನ್ನು ನೆನಪಿಸಲು ಅಂಗೈ ಮಗುಚಿ ತೋರಿಸಿದ.

ಆಕೆ ಬಹಳ ಹೊತ್ತು ನೋಡಿದಳು. "ಇಷ್ಟೇ ಸಾಕಾ?" ಎಂದಳು. ತನ್ನದೇ ಎರಡು ಬೆರಳನ್ನು ಕಣ್ಣ ಹತ್ತಿರ ತಂದುಕೊಂಡು, "ಹಾಗಾದ್ರೆ ಇಷ್ಟು ದಿನ ನೀವು ನನ್ನ ಮೇಲೆ ಸಿಟ್ಟಾಗಿರಲಿಲ್ಲ?"

ಅವನು ಗಂಟಲು ಮುಟ್ಟಿ ತೋರಿಸಿ, ಎರಡೂ ಕೈಯಿಂದ ಕಿವಿ ಹಿಡಿದುಕೊಂಡು ಇಲ್ಲವೆಂದು ತಲೆಯಾಡಿಸಿದ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಅಂದಿನಿಂದ ಊಟ ಹಾಕುವುದು ಆಕೆಯ ಕೆಲಸ, ನೀರು ನೋಡುವುದು ಇವನ ಕೆಲಸ. ದಿನ ಕಳೆದ ಹಾಗೆ ಇಬ್ಬರ ನಡುವೆ ಒಂದು ಕೈಮಾತು ಹುಟ್ಟಿಕೊಂಡಿತು. ಚಿಟಿಕೆ ಹಿಡಿದರೆ ಊಟ. ಅಂಗೈ ಮಟ್ಟಸವಾಗಿ ಆಡಿಸಿದರೆ ನೀರು. ಮೂಗು ಹಿಂಡಿದರೆ ಫಿಲ್ಟರು ತೊಳೆಯುವ ಹೊತ್ತು. ಸಂಜೆ ಹೆಂಡತಿ ಬಂದರೆ ಇಬ್ಬರೂ ಕೈ ಬಾಯಿ ಆಡಿಸಿಕೊಂಡು ಒಳಗೊಳಗೇ ನಗುತ್ತಿದ್ದರು. "ಏನ್ರೀ ಅದು? ನನಗೂ ಹೇಳ್ರೀ," ಎಂದು ಅವಳು ಕೇಳಬೇಕಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಅವನ ತೋಳು ಎಳೆದಳು. "ಅಳಿಯಂದ್ರೇ, ಈ ದೊಡ್ಡವಳನ್ನ ನೋಡಿ. ಬಾಲದ ಹತ್ರ ಕಪ್ಪು ಕಲೆ. ಬೆಳಗ್ಗೆಯಿಂದ ಊಟಕ್ಕೂ ಬಂದಿಲ್ಲ, ಮೂಲೆ ಹಿಡಿದು ಕೂತಿದ್ದಾಳೆ. ಇವಳು ತುಂಬಿದ ಬಸುರಿ."

ನಗಾರಿ ಮೀಸೆ ತಿರುವಿ ತೋರಿಸಿ ಕೈ ಆಡಿಸಿದ. ಗಂಡು ಎಲ್ಲಿದೆ? ಬಣ್ಣದ ಬಾಲದವೇ ಗಂಡು ಎಂದು ಅಂಗಡಿಯಾಕೆ ಹೇಳಿದ್ದಳು. ಆ ಎರಡೂ ಮೊದಲ ದಿನವೇ ಹೋದವಲ್ಲ.

"ಗಂಡು ಇಲ್ದೇ ಇದ್ರೇನು? ನಾನು ಐದು ಹೆತ್ತೋಳು. ಆ ಮುಖ ನನಗೆ ಗೊತ್ತಿಲ್ವಾ?"

ವಾದ ಮಾಡಲು ಅವನಿಗೆ ಬಾಯಿಲ್ಲ. ಇಬ್ಬರೂ ಗಾಜಿಗೆ ಮೂಗು ತಾಗಿಸಿ ಕೂತರು. ತುಸು ಹೊತ್ತಿಗೆ ದೊಡ್ಡವಳ ಮೈ ಒಮ್ಮೆ ಬಿಗಿಯಿತು. ಹೊಟ್ಟೆಯಡಿಯಿಂದ ಒಂದು ಪುಟ್ಟ ಉಂಡೆ ಜಾರಿ ಬಿತ್ತು. ಬೀಳುತ್ತ ಬೀಳುತ್ತಲೇ ಬಿಚ್ಚಿಕೊಂಡಿತು. ಎರಡು ಕಣ್ಣು, ಒಂದು ಎಳೆ ಬಾಲ, ಅಷ್ಟೇ. ತಳ ಮುಟ್ಟಿ, ಒಂದು ಕ್ಷಣ ನಿಂತು, ಹುಟ್ಟುತ್ತಲೇ ಈಜು ಕಲಿತದ್ದರಂತೆ ಪಾಚಿಯತ್ತ ಹೊರಟಿತು. ಮೀನೆಂದರೆ ಮೊಟ್ಟೆಯಿಡುತ್ತದೆ ಎಂದು ಬದುಕೆಲ್ಲ ನಂಬಿದ್ದ ನಗಾರಿ ಕಣ್ಣು ಪಿಳಿಪಿಳಿ ಬಿಟ್ಟ. ಇನ್ನೊಂದು ಬಿತ್ತು. ಮತ್ತೊಂದು. ಅಷ್ಟರಲ್ಲಿ ಪಕ್ಕದಲ್ಲಿ ಸುಮ್ಮನಿದ್ದಂತೆ ಕಂಡ ಇನ್ನೊಂದು ಬೂದಿ ಬಣ್ಣದವಳು ಬಾಣದ ಹಾಗೆ ಬಂದು ಮೂರನೆಯದನ್ನು ಗುಳುಂ ಮಾಡಿದಳು.

ನಗಾರಿಯ ಎದೆ ತುಂಬ ಉಸಿರು ಎದ್ದಿತು. ಬಾಯಿ ಅಗಲವಾಗಿ ತೆರೆಯಿತು. ಅಷ್ಟು ವಾರ ಕಟ್ಟಿಟ್ಟಿದ್ದ ಕೂಗೆಲ್ಲ ಒಟ್ಟಿಗೆ ಗಂಟಲಿಗೆ ಬಂದು ನಿಂತಿತು. ಇನ್ನೇನು ಹೊರಬೀಳಬೇಕು, ಅಷ್ಟರಲ್ಲಿ ಮೀನಿನ ಊಟದ ವಾಸನೆಯ ಒಂದು ಸುಕ್ಕುಗೈ ಅವನ ಬಾಯಿಯನ್ನು ಟಪ್ಪೆಂದು ಮುಚ್ಚಿತು.

"ಕೂಗಬೇಡಿ! ಗಂಟಲು!" ಎಂದಳು ಅತ್ತೆ. ಅವನ ಕೂಗು ಬೇಕೆಂದು ಅಷ್ಟು ದಿನ ಹಂಬಲಿಸಿದವಳೂ ಆಕೆಯೇ. "ಮೊದಲು ಟೀ ಸೋಸೋದನ್ನ ತನ್ನಿ!"

ಅವನು ಅಡುಗೆಮನೆಗೆ ಓಡಿದ. ಆಕೆ ಗಾಜಿನ ಮೇಲೆ ಬೆರಳಿಟ್ಟು "ಇಲ್ಲಿ, ಇಲ್ಲಿ, ಅಗೋ ಕಲ್ಲಿನ ಹಿಂದೆ" ಎಂದು ತೋರಿಸುತ್ತಿದ್ದಳು, ಇವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದನ್ನೇ ಜಾಲರಿಯಲ್ಲಿ ಎತ್ತಿ, ತೊಟ್ಟಿಯದೇ ನೀರು ತುಂಬಿದ ಜಾಡಿಗೆ ಇಳಿಸುತ್ತಿದ್ದ. ಎಂಟು ಹತ್ತು ಪೆಟ್ಟಿಗೆಗಳನ್ನು ಒಂದೇ ಉಸಿರಿಗೆ ಮಾರಿದವನು ಒಂದು ಕೂದಲೆಳೆಯ ಮೀನಿಗಾಗಿ ಜಾಲರಿಯನ್ನು ಮೂರು ಮೂರು ಸಲ ಅದ್ದುತ್ತಿದ್ದ. ಸಂಜೆ ಹೆಂಡತಿ ಬಾಗಿಲು ತೆರೆದಾಗ ನಡುಮನೆ ನೀರೋ ನೀರು. ಗಂಡ ತಾಯಿ ಇಬ್ಬರೂ ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಕೂತು ಒಂದು ಜಾಡಿಯನ್ನು ನೋಡುತ್ತಿದ್ದರು.

"ಹೆತ್ತವಳ ಪಕ್ಕದಲ್ಲೇ ನಿಂತು ತಿಂದಳಲ್ಲ ಪಾಪಿ!" ಎಂದು ಅತ್ತೆ ಅಂದೆಲ್ಲ ಹೇಳಿಕೊಂಡಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. "ಅವಳಿಗೇನು ಗೊತ್ತು, ಪಾಪ. ಎದುರಿಗೆ ಸಣ್ಣದು ಓಡಿದ್ರೆ ತಿಂಡಿ ಅಂತ ತಿಳ್ಕೋತಾಳೆ."

ಗಂಡಿಲ್ಲದ ಬಸಿರಿನ ಒಗಟನ್ನು ಅಂಗಡಿಯಾಕೆ ಬಿಡಿಸಿದಳು. ಒಮ್ಮೆ ಕೂಡಿದರೆ ಸಾಕು, ಹೆಣ್ಣು ಗಪ್ಪಿ ಗಂಡಿನ ಬೀಜವನ್ನು ಒಳಗೆ ಜೋಪಾನವಾಗಿಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲಳು. ಹೆಂಡತಿ ಇದನ್ನು ತಾಯಿಯ ಕಿವಿಯಲ್ಲಿ ಎರಡು ಸಲ ಕೂಗಿ ಹೇಳಿದಳು. ಮುದುಕಿ ಯೋಚಿಸಿ ಅಂದಳು: "ಹೀಗೂ ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ ನಿಮ್ಮಪ್ಪನ ಗೊರಕೆ ಅಷ್ಟು ವರ್ಷ ಸಹಿಸ್ಕೋತಾನೇ ಇರಲಿಲ್ಲ."

ಡಾಕ್ಟರು ಕೊಟ್ಟ ಗಡುವು ಮುಗಿಯಿತು. ಮತ್ತೆ ಕೊಳವೆ ಇಳಿಬಿಟ್ಟು ನೋಡಿ, "ಚೆನ್ನಾಗಿ ಮಾಗಿದೆ. ಏನಾದ್ರೂ ಹೇಳಿ ನೋಡೋಣ," ಎಂದರು. ನಗಾರಿ ಹೆದರಿದ. ಎಲ್ಲಿಂದಲೋ ಎರವಲು ತಂದಂಥ, ತುಸು ಮರಳು ಮರಳಾದ, ಮೆಲುವಾದ ಒಂದು ದನಿ ಹೊರಬಂತು: "ಇವತ್ತು ನೀರು ಬದಲಾಯಿಸೋ ದಿನ."

ಹೆಂಡತಿ ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅವನಿಂದ ಅದೂ ಇದೂ ಮಾತಾಡಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನೊಡನೆ ಬೀದಿಯಲ್ಲಿ ಗುಟ್ಟಾಗಿ ಮಾತಾಡಿಕೊಂಡು ನಡೆದದ್ದು ಅದೇ ಮೊದಲು. ಅವಳಿಗೆ ಅದು ಬಹಳ ಹಿತವಾಯಿತು.

ಮನೆಯಲ್ಲಿ ಅವನು ಕುರ್ಚಿಯ ಮುಂದೆ ಬಾಗಿ "ಅತ್ತೆ" ಎಂದ. ಆಕೆ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಎಂದ. ಆಕೆಯ ಕಣ್ಣು ಅವನ ತುಟಿಯ ಮೇಲಿತ್ತು, ಕಿವಿಗೆ ಏನೂ ಬಿದ್ದಿರಲಿಲ್ಲ. ಜೋರು ಮಾಡುವಂತಿಲ್ಲ. ಕಿವುಡರ ಮುಂದೆ ಕಿನ್ನರಿ ಎಂಬ ಗಾದೆ ತನ್ನ ಪಾಲಿಗೂ ಬಂತಲ್ಲ ಎಂದು ಅವನಿಗೆ ಸಂಕಟವಾಯಿತು. ಆಕೆಗೆ ಕೇಳುತ್ತಿದ್ದ ಒಂದೇ ಒಂದು ದನಿ ಲೋಕದಿಂದ ಹೋಗಿಬಿಟ್ಟಿತ್ತು. ಆಕೆಗೂ ಅದು ತಿಳಿಯಿತು. ಅವನ ಕೆನ್ನೆ ತಟ್ಟಿ ಅಂದಳು: "ಹೋಗ್ಲಿ ಬಿಡಿ. ನೀವು ಹೇಳೋದೆಲ್ಲ ಮೀನಿನ ವಿಷಯ ತಾನೇ? ಅದಕ್ಕೆ ಕೈ ಸಾಕು."

ಇನ್ನು ಉಳಿದದ್ದು ಹೊಟ್ಟೆಪಾಡು. ಮಾರುಕಟ್ಟೆಗೆ ಮರಳಿ ಕಾಲಿಟ್ಟ ದಿನ ಅವನ ಮನಸ್ಸು ಭಾರವಾಗಿತ್ತು. ಮುಖ್ಯಸ್ಥರು ದಾಕ್ಷಿಣ್ಯಕ್ಕೆ ಎಲ್ಲಿ ಬಾಗಿಲು ಕಾಯಲು ಕೂರಿಸುತ್ತಾರೋ ಎಂದು ಅಂಜಿದ್ದ. ಅವರು ಸೀಮೆಸುಣ್ಣದ ತುಂಡೊಂದನ್ನು ಅವನ ಕೈಗಿತ್ತರು. ಹರಾಜಿಗೆ ಮುಂಚೆ ಪ್ರತಿ ಪೆಟ್ಟಿಗೆಯನ್ನೂ ನೋಡಿ, ಕಿವಿರು ಎತ್ತಿ, ಒತ್ತಿ, ಮೂಸಿ, ಮಾಲಿನ ದರ್ಜೆ ಬರೆಯಬೇಕು. ಕೂಗುವ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದಳು. ತಲೆ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿಯಲ್ಲಿ ಮೀನು ಮಾರಿದವಳು, ಮೂರನೇ ಮಹಡಿಯವರನ್ನು ಕಿಟಕಿಗೆ ಕರೆಸುವ ಗಂಟಲಿನವಳು.

ಮೊದಲ ದಿನ ಅವಳ ಕೂಗು ಕೇಳುತ್ತ ನಗಾರಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಎರಡು ತುಂಡು ಮಾಡಿಬಿಟ್ಟ. ಕಾಗೆಗಳು ಅವಳಿಗೂ ಹಾರಿದ್ದವು. ಹರಾಜು ಮುಗಿಸಿ ಅವಳು ನೇರ ಅವನ ಬಳಿಗೇ ಬಂದಳು. "ಅಣ್ಣಾ, ಹೇಗಿತ್ತು? ಇದ್ದದ್ದು ಇದ್ದ ಹಾಗೆ ಹೇಳಿ."

ತಪ್ಪು ಹುಡುಕಿಟ್ಟುಕೊಂಡಿದ್ದ. ಹೇಳಲಿಲ್ಲ. ಅವಳ ಕತ್ತಿನ ನರ ಉಬ್ಬಿದ್ದು ಅವನ ಕಣ್ಣಿಗೆ ಬಿದ್ದಿತ್ತು. "ಉಸಿರನ್ನ ಹೊಟ್ಟೆಯಿಂದ ತೆಗೀಬೇಕಮ್ಮ, ಗಂಟಲಿಂದ ಅಲ್ಲ. ನಡುನಡುವೆ ನೀರು ಕುಡಿ. ಕೆಮ್ಮಿ ಕೆಮ್ಮಿ ಗಂಟಲು ಸರಿಮಾಡ್ಕೋಬೇಡ," ಎಂದ. ಅವಳು ಕೇಳಿಸಿಕೊಳ್ಳಲು ಹತ್ತಿರ ಸರಿದಳು. ಇದನ್ನೆಲ್ಲ ತನಗೆ ಯಾರಾದರೂ ಹೇಳಿದ್ದರೆ, ಹೇಳಿದ್ದರೂ ತಾನು ಕೇಳುತ್ತಿದ್ದೆನೇ ಎಂದು ಅವನು ತನ್ನಲ್ಲೇ ನಕ್ಕ.

ಗಪ್ಪಿಗಳು ಬಿಡುವು ಕೊಡಲಿಲ್ಲ. ಮರಿಗಳು ಬೆಳೆದು, ಗಂಡುಗಳ ಬಾಲಕ್ಕೆ ಬಣ್ಣ ಹತ್ತತೊಡಗಿದೊಡನೆ ಅವನ್ನು ಬೇರೆ ತೊಟ್ಟಿಗೆ ಹಾಕಿದ, ಇಲ್ಲವಾದರೆ ಮನೆಯಲ್ಲಿ ನಮಗೇ ಜಾಗವಿರುವುದಿಲ್ಲ ಎಂದು ಹೆಂಡತಿ ಎಚ್ಚರಿಸಿದ್ದಳು. ಆದರೂ ಜಾಡಿಗಳು ತುಂಬಿದವು. ಐಸಣ್ಣನಿಗೆ ಒಂದು ಜಾಡಿ ಹೋಯಿತು. ಹರಾಜಿನ ಹೆಂಗಸಿಗೆ ಒಂದು, ತಕ್ಕಡಿಯವನಿಗೆ ಒಂದು. ಸತ್ತ ಮೀನಿನ ವ್ಯಾಪಾರದವರೆಲ್ಲ ಬೆಳಗಿನ ಚಹಾದ ಹೊತ್ತಿಗೆ ಬದುಕಿದ ಮೀನಿನ ಕಷ್ಟಸುಖ ಹೇಳಿಕೊಳ್ಳುವಂತಾಯಿತು.

"ನಗಾರಿ, ನನ್ನದೊಂದು ಸೊರಗಿದೆ ಕಣೋ. ಬಾಲ ಹರಿದ ಹಾಗಿದೆ," ಎನ್ನುತ್ತಿದ್ದ ಐಸಣ್ಣ.

"ನೀರು ಯಾವಾಗ ಬದಲಾಯಿಸ್ದೆ?"

ಐಸಣ್ಣ ತಲೆ ಕೆರೆದುಕೊಳ್ಳುತ್ತಿದ್ದ.

ವಾರದ ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ ನೀರಿನ ಕೆಲಸ. ನಗಾರಿ ಸಣ್ಣ ಪೈಪಿನಿಂದ ತಳದ ಕಸ ಎಳೆದು ಬಕೆಟ್ಟಿಗೆ ಬಿಡುತ್ತಾನೆ, ಮರಿ ಏನಾದರೂ ಜೊತೆಗೆ ಹೋಯಿತೇ ಎಂದು ಅತ್ತೆ ಬಕೆಟ್ಟಿನೊಳಗೆ ಕಣ್ಣಿಟ್ಟಿರುತ್ತಾಳೆ. ಹಿಂದಿನ ದಿನ ಹಿಡಿದಿಟ್ಟ ನೀರನ್ನು ಅವನು ಕೈಬೆರಳ ಸಂದಿಯಿಂದ ನಿಧಾನವಾಗಿ ಸುರಿಯುತ್ತಾನೆ. ಹೊಸ ನೀರು ಬಿದ್ದೊಡನೆ ಗಂಡುಗಳು ಬಾಲ ಬಿಚ್ಚಿ ಮೆರೆಯಲು ಶುರುಮಾಡುತ್ತವೆ. ಅದರಲ್ಲೂ ಒಂದು ನೀಲಿ ಬಾಲದ್ದು, ಸುತ್ತಿದ್ದಲ್ಲೇ ಸುತ್ತಿ, ಯಾರೂ ನೋಡದಿದ್ದರೆ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ಅತ್ತೆ ಅದನ್ನು ಬೈಯುತ್ತಾಳೆ, ಬೈದು ಅದಕ್ಕೇ ಮೊದಲು ಚಿಟಿಕೆ ಉದುರಿಸುತ್ತಾಳೆ.

ಅಡುಗೆಮನೆಯಿಂದ ಹೆಂಡತಿ ಊಟಕ್ಕೆ ಕರೆಯುತ್ತಾಳೆ. ಒಬ್ಬರಿಗೆ ಕೇಳುವುದಿಲ್ಲ, ಇನ್ನೊಬ್ಬನಿಗೆ ಕೇಳಿದರೂ ಕೇಳುವುದಿಲ್ಲ. ಮೂರನೇ ಸಲ ಅವಳು ಸೌಟು ಹಿಡಿದುಕೊಂಡೇ ನಡುಮನೆಗೆ ಬಂದು, ಇಬ್ಬರಿಗೂ ಸೇರಿಸಿ ಒಂದು ಬೈಗುಳ ಆರಿಸಿಕೊಳ್ಳುವಷ್ಟರಲ್ಲಿ ಪಾಚಿಯ ಎಳೆಗಳ ನಡುವೆ ಏನೋ ಮಿಸುಕಾಡಿದ್ದು ಕಾಣಿಸುತ್ತದೆ.

"ಅಯ್ಯೋ, ಇನ್ನೊಂದು ಹೆತ್ತಿದೆಯಾ? ಎಲ್ಲಿ, ಸರೀರಿ ಸ್ವಲ್ಪ," ಎಂದು ಸ್ಟೂಲು ಎಳೆದುಕೊಂಡು ಅವಳೂ ಕೂತುಬಿಡುತ್ತಾಳೆ. ಅನ್ನ ಆರಿದರೆ ಬಿಸಿ ಮಾಡಿಕೊಂಡರಾಯಿತು.